ಸಿಹಿ ಬಾಟಲಿಯೊಳಗೊಂದು ನೈಂಟಿ: ಅಳಿಯ ತಂದ ಕಪ್ಪು ಬಿಯರ್‌ನ ರುಚಿ ನೋಡುವುದು ಹೇಗೆ?

ದೀಪಾವಳಿ, ಕ್ರಿಸ್‌ಮಸ್ ರಜೆ ಬಂತೆಂದರೆ ಮಲೆನಾಡಿನ ತೋಟದ ಮನೆಗಳಿಗೆ ಬೆಂಗಳೂರು, ಅಮೆರಿಕ, ಯುರೋಪಿನಿಂದ ಮಕ್ಕಳು, ಅಳಿಯಂದಿರು ಬಂದಿಳಿಯುತ್ತಾರೆ. ಮೊದಲೆಲ್ಲ ಅವರ ಸೂಟ್‌ಕೇಸಿನಿಂದ ಸ್ಕಾಚ್ ಬಾಟಲಿ ಹೊರಬರುತ್ತಿತ್ತು. ಈಗೀಗ ಅದರ ಜೊತೆಗೆ ಟವೆಲಿನಲ್ಲಿ ಸುತ್ತಿಟ್ಟ ಪುಟ್ಟ ಕಪ್ಪು ಬಾಟಲಿಯೊಂದೂ ಬರುತ್ತಿದೆ. ಮೇಲೆ ಬಣ್ಣಬಣ್ಣದ ಲೇಬಲ್, ಅದರಲ್ಲಿ ಕೇಕ್, ಚಾಕೊಲೇಟ್, ಐಸ್‌ಕ್ರೀಮಿನ ಹೆಸರು.

"ಮಾವ, ಇದು ಬಿಯರೇ. ಆದ್ರೆ ಕೇಕ್ ತಿಂದ ಹಾಗಿರತ್ತೆ, ನೋಡಿ" ಎನ್ನುತ್ತಾನೆ ಅಳಿಯ. ಲೋಟಕ್ಕೆ ಸುರಿದರೆ ಮಾವನಿಗೆ ಅನುಮಾನ. "ಏನ್ರೀ ಇದು, ಡಾಂಬರು ಕರಗಿಸಿದ ಹಾಗಿದೆಯಲ್ಲ!"

ಒಂದು ಗುಟುಕು ಕುಡಿದರೆ ಅನುಮಾನ ಹೋಗುತ್ತದೆ. ಸಿಹಿ, ಕಾಫಿಯ ಘಮ, ಚಾಕೊಲೇಟಿನ ನಯ. ಬಿಯರ್ ತಾನೇ ಎಂದು ಎರಡನೇ ಬಾಟಲಿಗೂ ಓಪನರ್ ಹಾಕುತ್ತಾರೆ. ಎಡವಟ್ಟು ಆಗುವುದು ಇಲ್ಲೇ. ಆ 330 ಮಿಲಿ ಬಾಟಲಿಯೊಳಗೆ ಇರುವುದು ಬಿಯರ್ ಲೆಕ್ಕದ ಎಣ್ಣೆ ಅಲ್ಲ, ಸರಿಯಾಗಿ ಒಂದು ನೈಂಟಿ ವಿಸ್ಕಿಯ ಲೆಕ್ಕದ್ದು.

ಇದರ ಹೆಸರು ಇಂಪೀರಿಯಲ್ ಸ್ಟೌಟ್. ಅದರಲ್ಲೂ ಸಿಹಿತಿಂಡಿಯ ರುಚಿ ಬರುವಂತೆ ಮಾಡಿದ್ದಕ್ಕೆ 'ಪೇಸ್ಟ್ರಿ ಸ್ಟೌಟ್' ಎನ್ನುತ್ತಾರೆ. ಸ್ವೀಡನ್ನಿನ ಒಮ್ನಿಪೊಲ್ಲೊ ಕಂಪನಿಯ 'ನೋವಾ ಪೀಕನ್ ಮಡ್ ಕೇಕ್', ಅಮೆರಿಕದ ದಕ್ಷಿಣ ಕೆರೊಲಿನಾದ ವೆಸ್ಟ್‌ಬ್ರೂಕ್‌ನವರ 'ಮೆಕ್ಸಿಕನ್ ಕೇಕ್', ಫ್ಲಾರಿಡಾದ ಟ್ಯಾಂಪಾ ನಗರದ ಸಿಗಾರ್ ಸಿಟಿಯವರ 'ಹುನಾಪು' ಇವೆಲ್ಲ ಆ ಜಾತಿಯವು.

ಮೊದಲು ಲೆಕ್ಕ

ಬಾರಿನಲ್ಲಿ ಸಿಗುವ ಮೈಲ್ಡ್ ಬಿಯರ್‌ನಲ್ಲಿ ಆಲ್ಕೋಹಾಲ್ ಹೆಚ್ಚೆಂದರೆ ಶೇ 5. ಸ್ಟ್ರಾಂಗ್ ಎಂದು ಕೇಳಿ ತೆಗೆದುಕೊಳ್ಳುವುದರಲ್ಲಿ ಶೇ 8ರವರೆಗೆ. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರ್‌ಗೆ ಇರುವ ಮೇಲಿನ ಮಿತಿಯೇ ಶೇ 8. ನೋವಾ ಮಡ್ ಕೇಕ್‌ನಲ್ಲಿ ಶೇ 11, ಮೆಕ್ಸಿಕನ್ ಕೇಕ್‌ನಲ್ಲಿ ಶೇ 10.5. ಷಿಕಾಗೋದ ಗೂಸ್ ಐಲ್ಯಾಂಡ್‌ನವರ 'ಬರ್ಬನ್ ಕೌಂಟಿ' ಸ್ಟೌಟ್ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾದರೂ ಶೇ 14ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ವೈನ್ ಇದ್ದ ಹಾಗೆ.

650 ಮಿಲಿಯ ದೊಡ್ಡ ಬಾಟಲಿ ಮೈಲ್ಡ್ ಬಿಯರ್ ಪೂರ್ತಿ ಕುಡಿದರೆ ಹೊಟ್ಟೆಗೆ ಹೋಗುವ ಶುದ್ಧ ಆಲ್ಕೋಹಾಲ್ 32.5 ಮಿಲಿ. ಶೇ 11ರ ಪುಟ್ಟ 330 ಮಿಲಿ ಬಾಟಲಿಯಲ್ಲಿ 36 ಮಿಲಿ. ನಮ್ಮಲ್ಲಿ ಸಿಗುವ ಶೇ 42.8ರ ವಿಸ್ಕಿ, ರಮ್ಮಿನ ಒಂದು ನೈಂಟಿಯಲ್ಲಿ 38 ಮಿಲಿ ಚಿಲ್ಲರೆ. ಎರಡು ಪುಟ್ಟ ಬಾಟಲಿ ಮುಗಿಸಿದವರು ಹತ್ತಿರ ಹತ್ತಿರ ಒಂದು ಕ್ವಾರ್ಟರ್ ಮುಗಿಸಿದಂತೆ. ಆದರೆ ಕ್ವಾರ್ಟರ್ ಕುಡಿದವನಿಗೆ ತಾನು ಕ್ವಾರ್ಟರ್ ಕುಡಿದೆ ಎಂಬುದು ಗೊತ್ತಿರುತ್ತದೆ. ಇಲ್ಲಿ ಕುಡಿದವನಿಗೆ ತಾನು ಎರಡು ಸಣ್ಣ ಬಿಯರ್ ಕುಡಿದೆ ಅಂತಲೇ ಇರುತ್ತದೆ. ಸಿಹಿ ಜಾಸ್ತಿ ಇದ್ದಾಗ ನಾಲಿಗೆಗೆ ಎಣ್ಣೆಯ ಖಾರ ಗೊತ್ತಾಗುವುದಿಲ್ಲ. ಜೊತೆಗೆ ಊಟ ಆದಮೇಲೆ ಕೊಡುವುದರಿಂದ ತಲೆಗೆ ಏರುವುದೂ ನಿಧಾನ. ಆಮೇಲೆ "ಏನೂ ಆಗಿಲ್ಲ, ನಾನೇ ಬಿಡ್ತೀನಿ" ಎಂದು ಜೀಪಿನ ಕೀಲಿ ಎತ್ತಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪೊಲೀಸರು ಊದಿಸುವ ಮಿಷಿನ್ನಿಗೆ ಅದು ಕೇಕಿನ ರುಚಿಯದೋ ವಿಸ್ಕಿಯ ರುಚಿಯದೋ ಬೇಕಾಗಿಲ್ಲ. ಘಾಟಿಯ ತಿರುವಿಗಂತೂ ಬೇಡವೇ ಬೇಡ.

ಕಪ್ಪು ಬಣ್ಣ ಎಲ್ಲಿಂದ?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಲ್ಟ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಳಕೆ ಬಂದ ಕಾಳಿನ ಹಿಟ್ಟು ಬಿಸಿನೀರಿನಲ್ಲಿ ನೆನೆದಾಗ ಸಕ್ಕರೆಯಾಗುತ್ತದೆ, ಯೀಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಬಿಡುತ್ತದೆ. ಎಲ್ಲ ಬಿಯರ್‌ಗೂ ಇಷ್ಟೇ ಮೂಲ. ಸ್ಟೌಟ್‌ಗೆ ಮಾತ್ರ ಈ ಕಾಳಿನ ಒಂದು ಪಾಲನ್ನು ಕಾಫಿ ಬೀಜದಂತೆ ಕಪ್ಪಗೆ ಹುರಿಯುತ್ತಾರೆ. ಕಾಫಿ ಹುರಿಯುವಾಗ ಕಂದು ತಿರುಗಿ, ಘಮ ಎದ್ದು, ಸ್ವಲ್ಪ ಹೆಚ್ಚಾದರೆ ಸುಟ್ಟ ವಾಸನೆ ಬರುತ್ತದಲ್ಲ, ಅದೇ ಕ್ರಿಯೆ ಇಲ್ಲೂ. ಹಾಗಾಗಿಯೇ ಕಾಫಿಪುಡಿಯ ಚಿಟಿಕೆಯೂ ಬೀಳದ ಸ್ಟೌಟ್‌ನಲ್ಲೂ ಕಾಫಿಯ ರುಚಿ ಇರುತ್ತದೆ.

ಈ ಹುರಿಯುವ ಕೆಲಸಕ್ಕೂ ಕಾಫಿಗೂ ಹಳೆಯ ನಂಟಿದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ ಹುರಿಯಲು ತಿರುಗುವ ಕಬ್ಬಿಣದ ಡ್ರಮ್ಮಿಗೆ ಪೇಟೆಂಟ್ ಪಡೆದ. ಕಾಫಿ ಹುರಿಯುವ ಡ್ರಮ್ಮಿನಂಥದ್ದೇ ಅದು. ಅಲ್ಲಿಯವರೆಗೆ ಈ ಬಗೆಯ ಬಿಯರ್ ಕಂದು ಬಣ್ಣದ್ದಾಗಿತ್ತು, ವೀಲರ್‌ನ ಡ್ರಮ್ಮು ಬಂದಮೇಲೆ ಸ್ವಲ್ಪವೇ ಕಪ್ಪು ಮಾಲ್ಟ್ ಹಾಕಿ ಇಡೀ ಹಂಡೆಯನ್ನು ಕಪ್ಪು ಮಾಡಬಹುದಾಯಿತು.

ಲಂಡನ್ನಿನ ಹಮಾಲರು ಕುಡಿಯುತ್ತಿದ್ದ 'ಪೋರ್ಟರ್' ಎಂಬ ಬಿಯರ್‌ನಲ್ಲಿ ಗಟ್ಟಿಯಾದದ್ದಕ್ಕೆ 'ಸ್ಟೌಟ್' ಎಂಬ ಹೆಸರು ಬಂತು. ಸ್ಟೌಟ್ ಎಂದರೆ ಆಗ ಗಟ್ಟಿ ಎಂಬ ಅರ್ಥ ಅಷ್ಟೇ, ಕಪ್ಪು ಎಂದಲ್ಲ. ಅದರಲ್ಲೂ ಇನ್ನೂ ಗಟ್ಟಿ ಮಾಡಿದ ಸರಕು ಲಂಡನ್ನಿನ ಸದರ್ಕ್‌ನಲ್ಲಿದ್ದ ಥ್ರೇಲ್ ಎಂಬುವರ ಬ್ರೂವರಿಯಿಂದ ಹಡಗಿನಲ್ಲಿ ರಷ್ಯಾಕ್ಕೆ, ಕ್ಯಾಥರೀನ್ ಮಹಾರಾಣಿಯ ಆಸ್ಥಾನಕ್ಕೆ ಹೋಗುತ್ತಿತ್ತು. ಥ್ರೇಲ್ 1781ರಲ್ಲಿ ತೀರಿಕೊಂಡ ಮೇಲೆ ಆ ಬ್ರೂವರಿ ಬಾರ್ಕ್ಲೆ ಮತ್ತು ಪರ್ಕಿನ್ಸ್ ಎಂಬುವರ ಕೈಗೆ ಬಂತು. ಇಂಪೀರಿಯಲ್ ಅಂದರೆ ಚಕ್ರವರ್ತಿಗೆ ಸೇರಿದ್ದು. ಆ ಹೆಸರು ಅಂಟಿಕೊಂಡಿದ್ದು ಹೀಗೆ. ಈಗ ಬಾಟಲಿ ಮೇಲೆ ಇಂಪೀರಿಯಲ್ ಎಂದಿದ್ದರೆ ರಾಜಮನೆತನದ ಸಂಬಂಧ ಏನೂ ಇಲ್ಲ, ಆಲ್ಕೋಹಾಲ್ ಜಾಸ್ತಿ ಇದೆ ಎಂದು ಓದಿಕೊಳ್ಳಬೇಕು.

ಆಲ್ಕೋಹಾಲ್ ಜಾಸ್ತಿ ಬರಬೇಕಾದರೆ ಕಾಳು ಜಾಸ್ತಿ ಸುರಿಯಬೇಕು. ಸಾಧಾರಣ ಬಿಯರ್‌ಗೆ ಹಾಕುವುದರ ಎರಡು ಪಟ್ಟು ಮಾಲ್ಟ್ ಇದಕ್ಕೆ ಬೇಕು. ಜೋನಿಬೆಲ್ಲದ ಹಾಗೆ ಮಂದವಾಗಿರುವ ಆ ಸಿಹಿನೀರಿನಲ್ಲಿ ಯೀಸ್ಟ್ ಕೂಡ ಸುಸ್ತಾಗುತ್ತದೆ. ಒಂದು ಮಟ್ಟದವರೆಗೆ ಸಕ್ಕರೆ ತಿಂದು, ತಾನೇ ಮಾಡಿದ ಆಲ್ಕೋಹಾಲ್‌ನಲ್ಲಿ ನಿಂತುಬಿಡುತ್ತದೆ. ತಿನ್ನದೆ ಉಳಿದ ಸಕ್ಕರೆಯೇ ಬಾಯಿಗೆ ಸಿಗುವ ಆ ಪಾಯಸದ ಮಂದ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಟ್ಟು ಹದ ಬರಿಸುತ್ತಾರೆ. ಬೆಲೆ ದುಬಾರಿಯಾಗುವುದಕ್ಕೆ ಅರ್ಧ ಕಾರಣ ಇದೇ.

ಸಿಹಿ ಬರುವುದು ಹಾಲಿನಿಂದಲೂ

ಪೇಸ್ಟ್ರಿ ಸ್ಟೌಟ್ ಮಾಡುವವರು ಇಷ್ಟಕ್ಕೇ ಬಿಡುವುದಿಲ್ಲ. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯ ಪುಡಿಯನ್ನೂ ಸುರಿಯುತ್ತಾರೆ. ಬಿಯರ್‌ನ ಯೀಸ್ಟಿಗೆ ಲ್ಯಾಕ್ಟೋಸನ್ನು ಒಡೆದು ತಿನ್ನುವ ಶಕ್ತಿ ಇಲ್ಲ. ಹಾಗಾಗಿ ಹಾಕಿದಷ್ಟೂ ಹಾಗೇ ಉಳಿದು, ಬಿಯರ್‌ಗೆ ಕೆನೆಯ ನಯ ಕೊಡುತ್ತದೆ.

ಇದು ಈಗಿನ ಕಾಲದ ಹುಡುಗರ ಐಡಿಯಾ ಏನಲ್ಲ. ಇಂಗ್ಲೆಂಡಿನಲ್ಲಿ 20ನೇ ಶತಮಾನದ ಮೊದಲ ದಶಕದಲ್ಲೇ ಮ್ಯಾಕೆಸನ್ ಎಂಬ ಕಂಪನಿ ಹಾಲಿನ ಸಕ್ಕರೆ ಹಾಕಿದ 'ಮಿಲ್ಕ್ ಸ್ಟೌಟ್' ಮಾರುತ್ತಿತ್ತು. ಬಾಣಂತಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಮಿಲ್ಕ್ ಸ್ಟೌಟ್ ಪುಷ್ಟಿ ಎಂದು ಅಲ್ಲಿ ಪ್ರಚಾರವೂ ನಡೆದಿತ್ತು. 1946ರಲ್ಲಿ ಅಲ್ಲಿನ ಸರ್ಕಾರ ಬಿಯರ್ ಹೆಸರಿನಿಂದ 'ಮಿಲ್ಕ್' ಪದ ತೆಗೆಸಿತು. ಬಾಣಂತಿಗೆ ಬ್ರಾಂಡಿ ಒಳ್ಳೇದು ಎಂಬ ಮಾತು ಇಲ್ಲೂ ಅಲ್ಲಲ್ಲಿ ಕೇಳುವುದುಂಟು. ತಾಯಿ ಕುಡಿದ ಆಲ್ಕೋಹಾಲ್ ಎದೆಹಾಲಿಗೂ ಇಳಿಯುತ್ತದೆ. ಬ್ರಾಂಡಿಯಾದರೂ ಅಷ್ಟೇ, ಸ್ಟೌಟಾದರೂ ಅಷ್ಟೇ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು, ಭೇದಿಯಾಗುವವರು ಲೇಬಲ್‌ನಲ್ಲಿ ಲ್ಯಾಕ್ಟೋಸ್ ಅಥವಾ ಹಾಲು ಎಂದಿದೆಯೇ ನೋಡಿಕೊಳ್ಳಬೇಕು. ಬಿಯರ್ ಕುಡಿದು ಬೆಳಿಗ್ಗೆ ಹೊಟ್ಟೆ ಕೆಟ್ಟರೆ ಯಾರೂ ಹಾಲನ್ನು ಅನುಮಾನಿಸುವುದಿಲ್ಲ, ಅದೇ ತಮಾಷೆ. ಶೇಂಗಾ, ಗೋಡಂಬಿ, ಬಾದಾಮಿ ಅಲರ್ಜಿ ಇರುವವರಿಗೂ ಇದೇ ಮಾತು. ಈ ಜಾತಿಯ ಬಿಯರ್‌ನಲ್ಲಿ ಕಡಲೆಕಾಯಿ ಬೆಣ್ಣೆಯಿಂದ ಹಿಡಿದು ಕೊಬ್ಬರಿವರೆಗೆ ಏನು ಬೇಕಾದರೂ ಬಿದ್ದಿರಬಹುದು. ಶುಗರ್ ಇರುವವರ ವಿಷಯ ಇನ್ನೂ ಗಂಭೀರ. ಶೇ 11ರ 330 ಮಿಲಿ ಬಾಟಲಿಯಲ್ಲಿ ಆಲ್ಕೋಹಾಲ್ ಒಂದರಿಂದಲೇ ಸುಮಾರು 200 ಕ್ಯಾಲೊರಿ ಬರುತ್ತದೆ. ಉಳಿದ ಸಿಹಿಯನ್ನೂ ಸೇರಿಸಿದರೆ ಸುಲಭವಾಗಿ 300 ದಾಟುತ್ತದೆ. "ಸಿಹಿ ತಿನ್ನಲ್ಲ, ಬಿಯರ್ ಮಾತ್ರ" ಎನ್ನುವ ಶುಗರ್ ಪೇಷಂಟ್‌ಗೆ ಇದು ಬಿಯರೂ ಹೌದು, ಸಿಹಿಯೂ ಹೌದು. ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮುಟ್ಟುವ ಮೊದಲು ಡಾಕ್ಟರನ್ನು ಕೇಳುವುದೇ ಸರಿ.

ತೋಟದ ಸಾಮಾನೇ ಬಾಟಲಿಯೊಳಗೆ

ಲೇಬಲ್‌ನ ಹಿಂಭಾಗ ಓದಿದರೆ ಮಲೆನಾಡಿನವರಿಗೆ ಆಶ್ಚರ್ಯವಾಗಬಹುದು. ಮೆಕ್ಸಿಕನ್ ಕೇಕ್‌ನಲ್ಲಿ ಕೋಕೋ, ವೆನಿಲ್ಲಾ, ದಾಲ್ಚಿನ್ನಿ ಮತ್ತು ಹಬನೇರೊ ಎಂಬ ಘಾಟು ಮೆಣಸಿನಕಾಯಿ. ಹುನಾಪುವಿನಲ್ಲಿ ಪೆರು ದೇಶದ ಕೋಕೋ, ಮಡಗಾಸ್ಕರ್‌ನ ವೆನಿಲ್ಲಾ, ದಾಲ್ಚಿನ್ನಿ ಮತ್ತು ಎರಡು ಬಗೆಯ ಒಣಮೆಣಸಿನಕಾಯಿ. ಮಿಚಿಗನ್ ರಾಜ್ಯದ ಫೌಂಡರ್ಸ್‌ನವರ 'ಬ್ರೇಕ್‌ಫಾಸ್ಟ್ ಸ್ಟೌಟ್'ನಲ್ಲಿ ಓಟ್ಸ್, ಚಾಕೊಲೇಟ್, ಎರಡು ಬಗೆಯ ಕಾಫಿ. ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯನ್ನೂ ಬಿಟ್ಟಿಲ್ಲ. ಡೆಲವೇರ್‌ನ ಡಾಗ್‌ಫಿಶ್ ಹೆಡ್ ಕಂಪನಿ 'ಚಿಕೋರಿ ಸ್ಟೌಟ್' ಎಂದೇ ಒಂದನ್ನು ಮಾಡಿತ್ತು.

ಕಾಫಿ, ಕೋಕೋ, ವೆನಿಲ್ಲಾ, ದಾಲ್ಚಿನ್ನಿ, ಮೆಣಸಿನಕಾಯಿ. ಕೊಡಗು, ಚಿಕ್ಕಮಗಳೂರು, ಹಾಸನ, ದಕ್ಷಿಣ ಕನ್ನಡದ ಯಾವ ಬೆಳೆಗಾರನನ್ನು ಕೇಳಿದರೂ ಇದರಲ್ಲಿ ಮೂರಾದರೂ ತನ್ನ ತೋಟದಲ್ಲಿದೆ ಅಥವಾ ಇತ್ತು ಎನ್ನುತ್ತಾನೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕವೇ. ಕರಾವಳಿಯ ಅಡಿಕೆ ತೋಟಗಳ ಮಧ್ಯೆ ಬೆಳೆದ ಕೋಕೋಗೆ ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ.

'ಇತ್ತು' ಎನ್ನುವ ಮಾತು ವೆನಿಲ್ಲಾಕ್ಕೆ. 2000ದಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ನ ವೆನಿಲ್ಲಾ ಸೀಮೆಗೆ ಬಡಿದು ಜಗತ್ತಿನಲ್ಲೆಲ್ಲ ಬೆಲೆ ಏರಿತು. ಇಲ್ಲಿ ಅಡಿಕೆ, ಕಾಫಿ ನೆಲಕಚ್ಚಿದ್ದ ಕಾಲ. ಜನ ಸಾಲ ಮಾಡಿ ಬಳ್ಳಿ ನೆಟ್ಟರು, ಬೆಳಗಾಗೆದ್ದು ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗಸ್ಪರ್ಶ ಮಾಡಿದರು, ಕಳ್ಳರ ಕಾಟಕ್ಕೆ ರಾತ್ರಿ ಕಾವಲು ಕೂತರು. 2004ರ ಹೊತ್ತಿಗೆ ಬೆಲೆ ಕುಸಿಯಿತು. ಕೈ ಸುಟ್ಟುಕೊಂಡ ಎಷ್ಟೋ ಮನೆಗಳಿಗೆ ಈ ಬಾಟಲಿಯಿಂದ ಏಳುವ ವೆನಿಲ್ಲಾ ವಾಸನೆ ಬರೀ ಐಸ್‌ಕ್ರೀಮಿನ ನೆನಪು ತರುವುದಿಲ್ಲ.

ಕಾಫಿ ಬೆರೆಸುವ ಕ್ರಮವೂ ಗಮನಿಸುವಂಥದ್ದು. ಬಿಸಿ ಡಿಕಾಕ್ಷನ್ ಸುರಿದರೆ ಕಹಿ, ಒಗರು ಜಾಸ್ತಿಯಾಗುತ್ತದೆ. ಹಾಗಾಗಿ ಹೆಚ್ಚಿನವರು ತಣ್ಣೀರಿನಲ್ಲಿ ಪುಡಿ ನೆನೆಸಿ ಇಳಿಸಿದ ಡಿಕಾಕ್ಷನ್ ಹಾಕುತ್ತಾರೆ, ಇಲ್ಲವೇ ಹುರಿದ ಬೀಜವನ್ನು ಇಡಿಯಾಗಿಯೇ ಚೀಲದಲ್ಲಿ ಕಟ್ಟಿ ತಯಾರಾದ ಬಿಯರ್‌ನೊಳಗೆ ಒಂದೆರಡು ದಿನ ಇಳಿಬಿಡುತ್ತಾರೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲೂ ಕಾಫಿ ಹಾಕಿದ ಸ್ಟೌಟ್ ಆಗಾಗ ಸಿಗುತ್ತದೆ. ಅಲ್ಲಿ ಎಬಿವಿ ಕಡಿಮೆ, ಆದರೆ ಈ ರುಚಿಯ ಪರಿಚಯಕ್ಕೆ ಅದೇ ಒಳ್ಳೆಯ ಮೊದಲ ಮೆಟ್ಟಿಲು.

ಇನ್ನೊಂದು ರುಚಿ ಬರುವುದು ಮರದಿಂದ. ಅಮೆರಿಕದ ಕಾನೂನಿನಂತೆ ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ಒಂದು ಸಲ ಬಳಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಖಾಲಿಯಾದ 200 ಲೀಟರಿನ ಈ ಪೀಪಾಯಿಗಳನ್ನು ಬಿಯರ್‌ನವರು ಕೊಂಡುಕೊಂಡು ಸ್ಟೌಟ್ ತುಂಬಿ ತಿಂಗಳುಗಟ್ಟಲೆ ಇಡುತ್ತಾರೆ. ಮರದೊಳಗೆ ಇಂಗಿದ ವಿಸ್ಕಿ, ವೆನಿಲ್ಲಾ, ಕೊಬ್ಬರಿಯಂಥ ಘಮ ಎಲ್ಲ ಬಿಯರ್‌ಗೆ ಇಳಿಯುತ್ತದೆ. 1990ರ ದಶಕದಲ್ಲಿ ಷಿಕಾಗೋದ ಗೂಸ್ ಐಲ್ಯಾಂಡ್ ಇದನ್ನು ಹೆಸರುವಾಸಿ ಮಾಡಿತು. ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ ಆ ಬಾಟಲಿ ಬಿಡುಗಡೆಯಾಗುವ ದಿನ ಅಂಗಡಿಗಳ ಮುಂದೆ ಚಳಿಯಲ್ಲಿ ಜನ ಸಾಲು ನಿಲ್ಲುತ್ತಾರೆ.

ಕುಡಿಯುವುದಲ್ಲ, ರುಚಿ ನೋಡುವುದು

ನಾಲ್ಕು ಜನರಿಗೆ ಒಂದು ಬಾಟಲಿ ಸಾಕು. ಇದು ಜಿಪುಣತನದ ಮಾತಲ್ಲ. ವಿದೇಶಗಳಲ್ಲೂ ಗೆಳೆಯರು ಸೇರಿದಾಗ ಇಂಥ ಬಾಟಲಿಯನ್ನು ಹಂಚಿಕೊಂಡೇ ಕುಡಿಯುವುದು ರೂಢಿ. ತಲೆಗೆ 80 ಮಿಲಿ ಬಂತೆಂದರೆ ಅದರ ಸ್ವಭಾವವೆಲ್ಲ ತಿಳಿಯುತ್ತದೆ. ಪೂರ್ತಿ ಬಾಟಲಿ ಒಬ್ಬರೇ ಕೂತು ಮುಗಿಸಲು ಹೋದರೆ ಅರ್ಧದ ನಂತರ ನಾಲಿಗೆ ಸೋಲುತ್ತದೆ, ಹೋಳಿಗೆ ಊಟದಲ್ಲಿ ಐದನೇ ಹೋಳಿಗೆ ಬಡಿಸಿದ ಹಾಗೆ.

ಎಲ್ಲರೂ ಮಾಡುವ ತಪ್ಪು ಐಸಿನಷ್ಟು ತಣ್ಣಗೆ ಮಾಡುವುದು. ಲಾಗರ್ ಬಿಯರ್ ತಣ್ಣಗಿದ್ದಷ್ಟೂ ಚೆನ್ನ, ಸ್ಟೌಟ್‌ಗೆ ಅದು ಸರಿಹೋಗದು. ತೀರಾ ತಣ್ಣಗಿದ್ದರೆ ಘಮ ಏಳುವುದೇ ಇಲ್ಲ, ಬರೀ ಸುಟ್ಟ ಕಹಿ ಸಿಗುತ್ತದೆ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಟ್ಟು, 12-14 ಡಿಗ್ರಿ ಸೆಲ್ಸಿಯಸ್ ಹದಕ್ಕೆ ಬಂದಮೇಲೆ ತೆರೆಯಬೇಕು. ಮಡಿಕೇರಿ, ಮೂಡಿಗೆರೆಯ ಡಿಸೆಂಬರ್ ರಾತ್ರಿಗೆ ಫ್ರಿಜ್ಜೇ ಬೇಡ, ಕಿಟಕಿ ಹತ್ತಿರ ಇಟ್ಟರೂ ನಡೆದೀತು. ಐಸ್ ತುಂಡು, ಸೋಡಾ, ನೀರು ಯಾವುದನ್ನೂ ಬೆರೆಸುವಂತಿಲ್ಲ.

ಲೋಟ ಯಾವುದು? ಸ್ಟೀಲ್ ಲೋಟದಲ್ಲಿ ಬಣ್ಣ ಕಾಣದು, ಬಿಯರ್ ಮಗ್ಗಿನಲ್ಲಿ ಘಮ ಹಾರಿಹೋಗುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಬ್ರಾಂಡಿ ಗ್ಲಾಸ್ ಇದ್ದರೆ ಅದು, ಇಲ್ಲದಿದ್ದರೆ ವೈನ್ ಗ್ಲಾಸ್. ಅದರಲ್ಲಿ ಕಾಲು ಭಾಗ ಮಾತ್ರ ಹಾಕಬೇಕು. ನಿಧಾನಕ್ಕೆ ಸುರಿದಾಗ ಕಾಫಿಯ ನೊರೆಯ ಹಾಗೆ ಕಂದು ನೊರೆ ಎದ್ದು ಬೇಗನೇ ಇಳಿಯುತ್ತದೆ. ನೊರೆ ನಿಲ್ಲದಿದ್ದರೆ ಹಾಳಾಗಿದೆ ಎಂದಲ್ಲ, ಇಷ್ಟು ಆಲ್ಕೋಹಾಲ್ ಇರುವ ಬಿಯರ್‌ನಲ್ಲಿ ನೊರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೀಪಕ್ಕೆ ಹಿಡಿದರೂ ಬೆಳಕು ಆಚೆ ದಾಟದಷ್ಟು ಕಪ್ಪಿದ್ದರೆ ಅದು ಸರಿಯಾದ ಸರಕು.

ಮೊದಲು ಮೂಗು. ಲೋಟವನ್ನು ಒಂದು ಸುತ್ತು ತಿರುಗಿಸಿ ಸಣ್ಣದಾಗಿ ಮೂಸಬೇಕು. ಉದ್ದಕ್ಕೆ ಎಳೆದರೆ ಆಲ್ಕೋಹಾಲ್ ಮೂಗಿಗೆ ಬಡಿದು ಬೇರೆಲ್ಲ ಮುಚ್ಚಿಹೋಗುತ್ತದೆ. ಹುರಿದ ಕಾಫಿ, ಕೋಕೋ ಮೊದಲು ಬರುತ್ತವೆ. ಆಮೇಲೆ ಬೆಲ್ಲದ ಪಾಕ, ಒಣದ್ರಾಕ್ಷಿ, ವೆನಿಲ್ಲಾ, ಮರದ ಪೆಟ್ಟಿಗೆ ತೆರೆದ ವಾಸನೆ. ಯಾರಿಗೆ ಏನು ಅನಿಸುತ್ತದೋ ಅದೇ ಸರಿ. ಲೇಬಲ್‌ನಲ್ಲಿ ಪೀಕನ್ ಎಂದು ಬರೆದಿದ್ದರೂ, ಪೀಕನ್ ಕಾಯಿಯನ್ನೇ ಕಾಣದವರಿಗೆ ಅದು ಹುರಿದ ಗೋಡಂಬಿ ಅಂತಲೇ ಅನಿಸಿದರೆ ತಪ್ಪೇನಿಲ್ಲ.

ಆಮೇಲೆ ಒಂದು ಚಮಚದಷ್ಟು ಬಾಯಿಗೆ. ನುಂಗದೆ ನಾಲ್ಕು ಸೆಕೆಂಡ್ ಬಾಯಿ ತುಂಬ ಆಡಿಸಿದರೆ ಮಂದ ಗೊತ್ತಾಗುತ್ತದೆ. ಮೊದಲ ಗುಟುಕನ್ನು ನಂಬಬಾರದು, ಅದು ಬಾಯಿ ತೊಳೆಯುವುದಕ್ಕೆ. ಎರಡನೆಯದರಲ್ಲಿ ಸಿಹಿ ಎಷ್ಟು, ಅದರ ಹಿಂದೆ ಕಹಿ ಬರುತ್ತದೆಯೇ ನೋಡಬೇಕು. ಒಳ್ಳೆಯ ಸ್ಟೌಟ್‌ನ ಗುಟ್ಟು ಈ ಕಹಿಯಲ್ಲಿದೆ. ಹಾಪ್ಸ್ ಎಂಬ ಹೂವು ಮತ್ತು ಹುರಿದ ಕಾಳು ಎರಡೂ ಕಹಿ ಕೊಟ್ಟು ಸಿಹಿಯನ್ನು ಎತ್ತಿ ಹಿಡಿಯುತ್ತವೆ, ಸ್ಟ್ರಾಂಗ್ ಡಿಕಾಕ್ಷನ್ ಇಲ್ಲದ ಕಾಫಿಗೆ ಬರೀ ಹಾಲು ಸಕ್ಕರೆ ಹಾಕಿದರೆ ಏನಾಗುತ್ತದೋ ಹಾಗಾಗದಂತೆ. ಪೇಸ್ಟ್ರಿ ಸ್ಟೌಟ್ ಹೆಸರಿನಲ್ಲಿ ಬರುವ ಎಷ್ಟೋ ಬಾಟಲಿಗಳು ಸೋಲುವುದು ಇಲ್ಲೇ. ಎಸೆನ್ಸು ಸುರಿದು ಕಹಿಯನ್ನೇ ಮರೆತಿರುತ್ತಾರೆ. ಕುಡಿದರೆ ಕೆಮ್ಮಿನ ಸಿರಪ್ಪು. ದುಡ್ಡು ಕೊಟ್ಟದ್ದಕ್ಕೆ ಹೊಗಳಬೇಕು ಎಂದೇನೂ ಇಲ್ಲ.

ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗೆ ಇಳಿಯಬೇಕು, ಉರಿಯಬಾರದು. ಮೆಣಸಿನಕಾಯಿ ಹಾಕಿದ್ದರೆ ಖಾರ ಗಂಟಲ ಹಿಂದೆ ತಡವಾಗಿ ಬರುತ್ತದೆ, ನಮ್ಮ ಬಾಯಿಗೆ ಅದು ಖಾರ ಅನಿಸುವುದೇ ಕಷ್ಟ. ಉಳಿದದ್ದನ್ನು ಲೋಟದಲ್ಲೇ ಅಂಗೈ ಬಿಸಿಗೆ ಬಿಟ್ಟು ಹತ್ತು ನಿಮಿಷ ಮಾತಾಡಿ ಮತ್ತೆ ಗುಟುಕರಿಸಿದರೆ ಬೇರೆಯೇ ಬಿಯರ್ ಕುಡಿದಂತೆ ಇರುತ್ತದೆ. ತಣ್ಣಗಿದ್ದಾಗ ಕಾಫಿಯಾಗಿದ್ದದ್ದು ಬೆಚ್ಚಗಾದಂತೆ ಚಾಕೊಲೇಟಿನ ಕಡೆಗೆ, ಬೆಲ್ಲದ ಕಡೆಗೆ ಹೊರಳುತ್ತದೆ.

ಜೊತೆಗೆ ಮೈಸೂರು ಪಾಕ್, ಜಾಮೂನು ಇಡುವವರಿದ್ದಾರೆ. ಸಿಹಿಯ ಮೇಲೆ ಸಿಹಿ ಬಿದ್ದು ಎರಡೂ ಕೆಡುತ್ತವೆ. ಉಪ್ಪು ಹಾಕಿ ಹುರಿದ ಗೋಡಂಬಿ, ನಿಪ್ಪಟ್ಟು, ಚೀಸ್ ತುಂಡು ಚೆನ್ನಾಗಿ ಹೊಂದುತ್ತವೆ. ಪಂದಿಕರಿಯ ಜೊತೆ ಹೊಂದುತ್ತದೆ ಎನ್ನುವ ಕೊಡಗಿನವರೂ ಸಿಗಬಹುದು, ಕಾಚಂಪುಳಿಯ ಹುಳಿಗೂ ಈ ಸಿಹಿಗೂ ಜಗಳವಿಲ್ಲ.

ಕೆಟ್ಟಿದ್ದರೆ ಗೊತ್ತಾಗುವುದು ಹೇಗೆ?

ಕಾಫಿ ಸ್ಟೌಟ್ ಹಳತಾದರೆ ಡೊಣ್ಣೆ ಮೆಣಸಿನಕಾಯಿ ಹೆಚ್ಚಿದಂಥ ಹಸಿ ವಾಸನೆ ಬರುತ್ತದೆ. ಕಾಫಿ ಹಾಕಿದ್ದನ್ನು ತಂದ ವರ್ಷವೇ ಮುಗಿಸಬೇಕು. ಒದ್ದೆ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಗಾಳಿ ಸೇರಿದೆ. ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸಿನ ರುಚಿ ಬಂದರೆ ತೀರಾ ಹಳೆಯದು. ಉಗುರು ಬಣ್ಣದ, ಥಿನ್ನರಿನ ವಾಸನೆ ಮಾಡುವಾಗಲೇ ಆದ ತಪ್ಪು. ಹುಳಿ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ದೊಡ್ಡ ಹೆಸರಿನವರೂ ಇದಕ್ಕೆ ಹೊರತಲ್ಲ. 2015ರಲ್ಲಿ ಬಾಟಲಿಗೆ ತುಂಬಿದ ಬರ್ಬನ್ ಕೌಂಟಿಯ ಕೆಲವು ಸರಕಿಗೆ ಹುಳಿ ಬಂದು, ಮರುವರ್ಷ ಕಂಪನಿ ಕೊಂಡವರಿಗೆ ಹಣ ವಾಪಸ್ ಕೊಟ್ಟಿತ್ತು.

ಇಡುವುದಾದರೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಬೇಕು. ಹಾಲ್‌ನ ಶೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಗಣಪತಿ ಮೂರ್ತಿಯ ಪಕ್ಕ ಚಂದಕ್ಕೆಂದು ಇಟ್ಟರೆ ಆರು ತಿಂಗಳಿಗೆ ರುಚಿ ಹೋಗಿರುತ್ತದೆ.

ಅಂಗಡಿಯವರಿಗೆ ಎರಡು ಮಾತು

ವಿದೇಶದಿಂದ ಬರುವವರು ತೆರಿಗೆಯಿಲ್ಲದೆ ಒಟ್ಟು 2 ಲೀಟರ್ ಮದ್ಯ ತರಬಹುದು, ಬಿಯರೂ ಅದರಲ್ಲೇ ಸೇರುತ್ತದೆ. ಅದು ಸ್ವಂತ ಬಳಕೆಗೆ ಮಾತ್ರ. ಊರಿನ ಬಾರಿನವರಿಗೋ ಹೋಂಸ್ಟೇಯವರಿಗೋ "ನಾಲ್ಕು ಬಾಟಲಿ ಇದೆ, ಇಟ್ಕೊಳ್ಳಿ, ಗಿರಾಕಿ ಕೇಳಿದ್ರೆ ಕೊಡಿ" ಎಂದು ಯಾರಾದರೂ ತಂದುಕೊಟ್ಟರೆ ತೆಗೆದುಕೊಳ್ಳಬಾರದು. ರಾಜ್ಯದಲ್ಲಿ ಮಾರುವ ಮದ್ಯ ಕೆಎಸ್‌ಬಿಸಿಎಲ್ ಡಿಪೊ ಮೂಲಕವೇ ಬರಬೇಕು. ಬೇರೆ ದಾರಿಯಲ್ಲಿ ಬಂದ ಒಂದೇ ಬಾಟಲಿ ಕೌಂಟರಿನಲ್ಲಿ ಸಿಕ್ಕರೂ ಅಬಕಾರಿ ಕೇಸು, ಲೈಸೆನ್ಸಿಗೆ ಕುತ್ತು. ಲೈಸೆನ್ಸೇ ಇಲ್ಲದ ಹೋಂಸ್ಟೇಯಲ್ಲಿ ದುಡ್ಡಿಗೆ ಕೊಟ್ಟರಂತೂ ಇನ್ನೂ ಕಷ್ಟ. ಯೂಟ್ಯೂಬ್ ನೋಡಿ ಮನೆಯಲ್ಲೇ ಸ್ಟೌಟ್ ಮಾಡಲು ಹೊರಡುವ ಹುಡುಗರೂ ನೆನಪಿಡಬೇಕು, ಲೈಸೆನ್ಸ್ ಇಲ್ಲದೆ ಮಾಡುವುದೂ ಅಪರಾಧವೇ.

ಕೇಕಿನ ಚಿತ್ರ, ಕಾರ್ಟೂನು ಇರುವ ಲೇಬಲ್ ನೋಡಿ ಮಕ್ಕಳು ಜ್ಯೂಸ್ ಎಂದುಕೊಳ್ಳುವ ಸಾಧ್ಯತೆ ಇದೆ. ಫ್ರಿಜ್‌ನಲ್ಲಿ ಬಾದಾಮಿ ಹಾಲಿನ ಬಾಟಲಿಗಳ ಮಧ್ಯೆ ಇದನ್ನು ಇಡಬಾರದು. ಮದ್ಯದಂಗಡಿಯವರು 21 ವರ್ಷ ತುಂಬದವರಿಗೆ ಮಾರುವಂತಿಲ್ಲ ಎಂಬ ನಿಯಮ ಕೇಕಿನ ಹೆಸರಿನ ಬಿಯರ್‌ಗೂ ಅನ್ವಯ. ಇಂಥ ಲೇಬಲ್‌ನ ಕ್ಯಾನ್ ಮುಂದೆ ಎಂದಾದರೂ ಡಿಪೊದಿಂದಲೇ ಬಂದರೆ, ಮುಂದಿನ ಚಿತ್ರ ಬಿಟ್ಟು ಹಿಂದೆ ಸಣ್ಣ ಅಕ್ಷರದಲ್ಲಿರುವ ಎಬಿವಿ ಅಂಕಿಯನ್ನು ಗಿರಾಕಿಗೆ ತೋರಿಸಿ ಕೊಡುವುದು ಒಳ್ಳೆಯದು.

ತೆರೆದ ಬಾಟಲಿಯಲ್ಲಿ ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟು ಮರುದಿನ ರಾತ್ರಿಯೊಳಗೆ ಮುಗಿಸಬೇಕು. ಗ್ಯಾಸ್ ಹೋಗಿ ಸಪ್ಪೆ ಅನಿಸಿದರೆ ಚಾಕೊಲೇಟ್ ಕೇಕಿನ ಹಿಟ್ಟಿಗೆ ನೀರಿನ ಬದಲು ಸುರಿದರೂ ಆಯಿತು. ಆದರೆ ಒಲೆಯಲ್ಲಿ ಬೆಂದರೂ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ. ಆ ಕೇಕನ್ನು ಮಕ್ಕಳ ಕೈಗೆ, ಶಿವಪೂಜೆ ಮುಗಿಸಿ ಬಂದ ಅಜ್ಜಿಯ ತಟ್ಟೆಗೆ ಹಾಕುವ ಮೊದಲು ಹೇಳಿಯೇ ಹಾಕಬೇಕು.